ರಾಣಿಯ ಕತೆ ಬರೆಯುವವರು ಯಾರು? ಅರಮನೆಯ ಪತ್ರಾಗಾರ, ಅಧಿಕೃತ ಚರಿತ್ರೆ ಮತ್ತು ಕಾದಂಬರಿಯ ಜಗಳ

2025ರ ಜುಲೈಯಲ್ಲಿ ಬ್ರಿಟನ್ನಿನ ಅರಸ ಮೂರನೆಯ ಚಾರ್ಲ್ಸ್ ತಮ್ಮ ತಾಯಿ ಎರಡನೆಯ ಎಲಿಜಬೆತ್ ಅವರ ಅಧಿಕೃತ ಜೀವನಚರಿತ್ರೆಯನ್ನು ಬರೆಯಲು ಇತಿಹಾಸಕಾರ್ತಿ ಆ್ಯನಾ ಕೇ ಅವರನ್ನು ನೇಮಿಸಿದರು. ಎಪ್ಪತ್ತು ವರ್ಷ ಆಳಿದ ಆ ರಾಣಿಯ ಬಗ್ಗೆ ಆಗಲೇ ಕಪಾಟುಗಟ್ಟಲೆ ಪುಸ್ತಕಗಳು ಬಂದಿರುವುದರಿಂದ, ಇನ್ನೊಂದು ಏಕೆ ಬೇಕು, 'ಅಧಿಕೃತ' ಎಂಬ ಮುದ್ರೆ ಬಿದ್ದರೆ ಪುಸ್ತಕ ಹೆಚ್ಚು ನಿಜವಾಗುತ್ತದೆಯೋ ಅಥವಾ ಹೆಚ್ಚು ಸೋಸಿದ್ದಾಗುತ್ತದೆಯೋ ಎಂದು ಓದುಗರು ಕೇಳಿದ್ದು ಸಹಜ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಇನ್ನೊಂದು ಸುದ್ದಿ ಈ ಗೊಂದಲಕ್ಕೆ ಎದುರು ದಿಕ್ಕಿನಿಂದ ಸೇರಿಕೊಂಡಿತು. ಮೂರನೆಯ ರಿಚರ್ಡ್ ದೊರೆಯ ಮೂಳೆಗಳು ಸಿಕ್ಕ ಕತೆಯನ್ನು ಹೇಳುವ 2022ರ ಚಲನಚಿತ್ರವೊಂದರ ನಿರ್ಮಾಪಕರು, ಅದರಲ್ಲಿ ತಮ್ಮನ್ನು ಕೆಟ್ಟದಾಗಿ ಚಿತ್ರಿಸಲಾಗಿದೆ ಎಂದು ಮಾನನಷ್ಟ ಮೊಕದ್ದಮೆ ಹೂಡಿದ್ದ ವಿಶ್ವವಿದ್ಯಾಲಯದ ಮಾಜಿ ಅಧಿಕಾರಿಯೊಬ್ಬರಿಗೆ ಪರಿಹಾರ ಕೊಟ್ಟು, ಚಿತ್ರದ ಮೊದಲಿಗೆ ಒಂದು ಸ್ಪಷ್ಟನೆಯನ್ನು ಸೇರಿಸಲು ಒಪ್ಪಿದರು.

ಒಂದು ಕಡೆ ಅರಮನೆಯ ಅನುಮತಿಯಿಂದ ಬರೆಯುವ ಚರಿತ್ರೆ, ಇನ್ನೊಂದು ಕಡೆ ಎಚ್ಚರಿಕೆಯ ಸಾಲನ್ನು ಹೊತ್ತು ಬರಬೇಕಾದ ಕಲ್ಪನೆ. ಇವೆರಡನ್ನೂ ಬೇರೆಬೇರೆ ಜಗಳಗಳೆಂದು ನೋಡಿದರೆ ಎರಡೂ ಅರ್ಥವಾಗುವುದಿಲ್ಲ. ಬ್ರಿಟಿಷ್ ರಾಜಮನೆತನದ ಬಗ್ಗೆ ಬರುವ ಜೀವನಚರಿತ್ರೆಗಳು ಹೊಗಳಿಕೆಯ ಕಡೆಗೂ ಕಾದಂಬರಿಗಳು ಗುಟ್ಟಿನ ಕಡೆಗೂ ವಾಲುವುದಕ್ಕೆ ಮುಖ್ಯ ಕಾರಣ ಒಂದೇ. ಆ ಮನೆತನದ ಕಾಗದಪತ್ರಗಳಲ್ಲಿ ಹಲವು ಉಳಿದಿಲ್ಲ, ಉಳಿದವುಗಳ ಕೀಲಿಕೈ ಆ ಮನೆತನದ ಕೈಯಲ್ಲೇ ಇದೆ.

ದುಂಡು ಗೋಪುರದ ಕೀಲಿಕೈ

ವಿಂಡ್ಸರ್ ಕೋಟೆಯ ದುಂಡು ಗೋಪುರದಲ್ಲಿ 1914ರಿಂದ ರಾಯಲ್ ಆರ್ಕೈವ್ಸ್ ಎಂಬ ಪತ್ರಾಗಾರವಿದೆ. ಹೆಸರು ಕೇಳಿದರೆ ಸರ್ಕಾರಿ ಇಲಾಖೆಯಂತೆ ತೋರುತ್ತದೆ, ಆದರೆ ಕಾನೂನಿನ ಕಣ್ಣಿನಲ್ಲಿ ಅದು ಖಾಸಗಿ ಸಂಗ್ರಹ. ಸರ್ಕಾರದ ಕಡತಗಳು ನಿಗದಿತ ವರ್ಷಗಳು ಕಳೆದ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ ಸಾರ್ವಜನಿಕರಿಗೆ ತೆರೆದುಕೊಳ್ಳಬೇಕು. ವಿಂಡ್ಸರ್‌ನ ಕಾಗದಗಳಿಗೆ ಅಂಥ ಕಾಲಮಿತಿ ಇಲ್ಲ, ಮಾಹಿತಿ ಹಕ್ಕಿನ ಕಾಯ್ದೆಯೂ ಅವುಗಳಿಗೆ ಅನ್ವಯಿಸುವುದಿಲ್ಲ. ಅನುಮತಿ ಸಿಕ್ಕವರು ನೋಡುತ್ತಾರೆ, ಸಿಗದವರು ಹಿಂದಿರುಗುತ್ತಾರೆ.

ಸರ್ಕಾರದ ಬಳಿಯೇ ಇರುವ ರಾಜಮನೆತನದ ಪತ್ರಗಳನ್ನು ಪಡೆಯುವುದು ಕೂಡ ಸುಲಭವಲ್ಲ. ಚಾರ್ಲ್ಸ್ ಇನ್ನೂ ಯುವರಾಜರಾಗಿದ್ದಾಗ ಸಚಿವರಿಗೆ ಬರೆದ ಪತ್ರಗಳನ್ನು ಕೊಡಿ ಎಂದು ಗಾರ್ಡಿಯನ್ ಪತ್ರಿಕೆ 2005ರಲ್ಲಿ ಅರ್ಜಿ ಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಏರಿ, 27 ಪತ್ರಗಳು ಹೊರಬಂದದ್ದು 2015ರ ಮೇ ತಿಂಗಳಲ್ಲಿ. ಈ ಹತ್ತು ವರ್ಷಗಳ ನಡುವೆ ಸಂಸತ್ತು ಕಾನೂನನ್ನು ತಿದ್ದಿ, ಅರಸ ಮತ್ತು ಉತ್ತರಾಧಿಕಾರಿಯೊಂದಿಗಿನ ಪತ್ರವ್ಯವಹಾರಕ್ಕೆ ಪೂರ್ಣ ವಿನಾಯಿತಿ ಕೊಟ್ಟಿತ್ತು. ಬಾಗಿಲು ತೆರೆಯಬೇಕೆಂದು ತೀರ್ಪು ಬರುವ ಹೊತ್ತಿಗೆ ಮುಂದಿನ ಬಾಗಿಲಿಗೆ ಬೀಗ ಬಿದ್ದಾಗಿತ್ತು. ಉಯಿಲುಗಳ ಕತೆಯೂ ಇದೇ ಬಗೆಯದು. ಉಳಿದ ಪ್ರಜೆಗಳ ಉಯಿಲುಗಳನ್ನು ಯಾರು ಬೇಕಾದರೂ ನೋಡಬಹುದಾದ ದೇಶದಲ್ಲಿ, ರಾಜಮನೆತನದ ಹಿರಿಯರ ಉಯಿಲುಗಳಿಗೆ ಮೊಹರು ಹಾಕುವ ಪದ್ಧತಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದಿದೆ. 2021ರಲ್ಲಿ ತೀರಿಕೊಂಡ, ಎರಡನೆಯ ಎಲಿಜಬೆತ್ ಅವರ ಪತಿ ರಾಜಕುಮಾರ ಫಿಲಿಪ್ ಅವರ ಉಯಿಲನ್ನು 90 ವರ್ಷ ತೆರೆಯಬಾರದೆಂದು ನ್ಯಾಯಾಲಯವೇ ಆದೇಶಿಸಿತು.

ಅರಮನೆಯ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಅರಸನಿಗೆ ಅಧಿಕಾರವಿಲ್ಲದಿದ್ದರೂ ಸಚಿವರಿಗೆ ಸಲಹೆ ಕೊಡುವ, ಎಚ್ಚರಿಸುವ ಹಕ್ಕಿದೆ, ಆ ಮಾತುಗಳು ಹೊರಬಿದ್ದರೆ ಅರಸ ಯಾವುದೋ ಪಕ್ಷದ ಪರವೆಂದು ಜನ ತಿಳಿಯುತ್ತಾರೆ, ಹಾಗಾಗಿ ಗೌಪ್ಯತೆ ತಟಸ್ಥತೆಯ ಕಾವಲು ಎಂಬುದು ಆ ವಾದದ ತಿರುಳು. ಆಳುವ ಅರಸನ ವಿಷಯದಲ್ಲಿ ಇದು ಒಪ್ಪಬಹುದಾದ ಮಾತೇ. ಸತ್ತು ತಲೆಮಾರುಗಳು ಕಳೆದವರಿಗೂ ಇದನ್ನೇ ಅನ್ವಯಿಸಿದಾಗ ಮಾತ್ರ ವಾದ ತೆಳುವಾಗುತ್ತದೆ.

ಪುರಾಣದ ಧಾಟಿಯಲ್ಲಿ ಬರೆಯಬೇಕೆಂಬ ಸೂಚನೆ

ಅಧಿಕೃತ ಜೀವನಚರಿತ್ರೆಕಾರನಿಗೆ ಸಿಗುವ ಲಾಭ ಪತ್ರಾಗಾರದ ಒಳಗೆ ಪ್ರವೇಶ. ಅದಕ್ಕೆ ಪ್ರತಿಯಾಗಿ ಅವನು ಏನು ಕೊಡಬೇಕಾಗುತ್ತದೆ ಎಂಬುದಕ್ಕೆ ಅತ್ಯಂತ ಬಿಚ್ಚುಮನಸ್ಸಿನ ಸಾಕ್ಷ್ಯ ಐದನೆಯ ಜಾರ್ಜ್ ಅರಸನ ಚರಿತ್ರೆ ಬರೆದ ಹೆರಾಲ್ಡ್ ನಿಕಲ್ಸನ್ ಅವರ ದಿನಚರಿಯಲ್ಲಿದೆ. ಕೆಲಸ ಒಪ್ಪಿಸುವಾಗ ಆಗಿನ ಅರಸ ಆರನೆಯ ಜಾರ್ಜ್ ಅವರ ಆಪ್ತ ಕಾರ್ಯದರ್ಶಿ ಆ್ಯಲನ್ ಲಾಸೆಲ್ಸ್, ನೀವು ಬರೆಯಲಿರುವುದು ಒಂದು ಪುರಾಣದ ಬಗ್ಗೆ, ಆದ್ದರಿಂದ ಪುರಾಣದ ಧಾಟಿಯಲ್ಲೇ ಬರೆಯಬೇಕು, ಮನೆತನಕ್ಕೆ ಕುಂದು ತರುವುದನ್ನು ಬಿಡಬೇಕು ಎಂಬ ಅರ್ಥದ ಮಾತು ಹೇಳಿದ್ದರು. ನಮ್ಮ ಶಾಸನಗಳ ಪ್ರಶಸ್ತಿ ಭಾಗವನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ.

1952ರಲ್ಲಿ ಬಂದ ಆ ಪುಸ್ತಕವನ್ನು ಬರೀ ಹೊಗಳಿಕೆ ಎಂದು ಬದಿಗಿಟ್ಟರೆ ತಪ್ಪಾಗುತ್ತದೆ. 1910ರ ಆಸುಪಾಸಿನ ಸಂವಿಧಾನದ ಬಿಕ್ಕಟ್ಟು, 1931ರ ರಾಷ್ಟ್ರೀಯ ಸರ್ಕಾರದ ರಚನೆ ಇತ್ಯಾದಿಗಳ ಬಗ್ಗೆ ಅದರಲ್ಲಿರುವ ದಾಖಲೆಗಳನ್ನು ಇಂದಿಗೂ ಇತಿಹಾಸಕಾರರು ಬಳಸುತ್ತಾರೆ. ಅಧಿಕೃತ ಚರಿತ್ರೆಗಳ ಗುಣ ಇದೇ. ರಾಜ್ಯಾಡಳಿತದ ವಿಷಯದಲ್ಲಿ ಅವು ಗಟ್ಟಿ, ಮನುಷ್ಯನ ವಿಷಯದಲ್ಲಿ ಮೆತ್ತಗೆ.

ಆ ಮೆತ್ತಗಿನ ಜಾಗ ಎಷ್ಟು ಆಳವಿರಬಹುದು ಎಂಬುದು ಅದೇ ಅರಸನ ಸಾವಿನಿಂದ ತಿಳಿಯುತ್ತದೆ. 1936ರ ಜನವರಿ 20ರ ರಾತ್ರಿ, ಅರಸನ ಬದುಕು ಶಾಂತವಾಗಿ ಕೊನೆಯತ್ತ ಸಾಗುತ್ತಿದೆ ಎಂಬ ಪ್ರಕಟಣೆ ಹೊರಟಿತು. ಅದನ್ನು ಬರೆದ ವೈದ್ಯ ಲಾರ್ಡ್ ಡಾಸನ್, ಸಾವು ಮಧ್ಯರಾತ್ರಿಯೊಳಗೆ ಸಂಭವಿಸುವಂತೆ ತಾವೇ ಮಾರ್ಫಿನ್ ಮತ್ತು ಕೊಕೇನ್ ಚುಚ್ಚಿದ್ದಾಗಿ ತಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಸುದ್ದಿ ಸಂಜೆಯ ಅಗ್ಗದ ಪತ್ರಿಕೆಗಳಿಗಿಂತ ಮೊದಲು ಬೆಳಗಿನ ಟೈಮ್ಸ್ ಪತ್ರಿಕೆಯಲ್ಲಿ ಬರಲಿ ಎಂಬುದು. ಡಾಸನ್ನರ ಚರಿತ್ರೆ ಬರೆದ ಫ್ರಾನ್ಸಿಸ್ ವಾಟ್ಸನ್ ಇದನ್ನು ತಮ್ಮ 1950ರ ಪುಸ್ತಕದಲ್ಲಿ ಬಿಟ್ಟು, 1986ರಲ್ಲಿ ಒಂದು ಲೇಖನವಾಗಿ ಪ್ರಕಟಿಸಿದರು. ಅರ್ಧ ಶತಮಾನ ಕಾಲ ಅರಸನ ಸಾವಿನ ಬಗ್ಗೆ ಬಂದ ಪ್ರತಿ ಗಂಭೀರ ಪುಸ್ತಕವೂ ಈ ಸಂಗತಿಯಿಲ್ಲದೆ ಬಂದಿತ್ತು. ಯಾವನಾದರೂ ಕಾದಂಬರಿಕಾರ 1960ರಲ್ಲಿ, ಪತ್ರಿಕೆಯ ಮುದ್ರಣದ ವೇಳೆಗೆ ಹೊಂದುವಂತೆ ವೈದ್ಯ ಅರಸನನ್ನು ಕೊಂದನೆಂದು ಬರೆದಿದ್ದರೆ ವಿಮರ್ಶಕರು ಅವನನ್ನು ನಕ್ಕು ಓಡಿಸುತ್ತಿದ್ದರು.

ಹಾಗೆಂದು ಅನುಮತಿಯಿಲ್ಲದ ಪುಸ್ತಕವೆಲ್ಲ ಗಾಳಿಮಾತೂ ಅಲ್ಲ. 1992ರಲ್ಲಿ ಆ್ಯಂಡ್ರೂ ಮಾರ್ಟನ್ ಬರೆದ ಡಯಾನಾ ಚರಿತ್ರೆಯನ್ನು ಹಲವರು ಕಟ್ಟುಕತೆ ಎಂದು ಹೀಗಳೆದರು. ಮಧ್ಯವರ್ತಿಯೊಬ್ಬರ ಮೂಲಕ ಟೇಪಿನಲ್ಲಿ ಉತ್ತರಗಳನ್ನು ಧ್ವನಿಮುದ್ರಿಸಿ ಕಳಿಸಿದ್ದು ಸ್ವತಃ ಡಯಾನಾ ಎಂಬುದು 1997ರಲ್ಲಿ ಅವರು ತೀರಿಕೊಂಡ ಮೇಲೆ ಬಹಿರಂಗವಾಯಿತು. ಅಧಿಕೃತ, ಅನಧಿಕೃತ ಎಂಬ ಪದಗಳು ಅನುಮತಿಯ ಬಗ್ಗೆ ಹೇಳುತ್ತವೆಯೇ ಹೊರತು ಸತ್ಯದ ಬಗ್ಗೆ ಅಲ್ಲ.

ಮಗಳ ಕತ್ತರಿ, ಮಗನ ಬೆಂಕಿ

ಮುಚ್ಚಿಟ್ಟ ಕಾಗದವನ್ನು ಎಂದಾದರೂ ತೆರೆಯಬಹುದು. ಸುಟ್ಟ ಕಾಗದಕ್ಕೆ ಆ ಅವಕಾಶವಿಲ್ಲ, ಮತ್ತು ಬ್ರಿಟಿಷ್ ರಾಜಮನೆತನದಲ್ಲಿ ಸುಡುವುದು ಮನೆಯವರದೇ ಕೆಲಸವಾಗಿತ್ತು. ವಿಕ್ಟೋರಿಯಾ ರಾಣಿ 1832ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಆರಂಭಿಸಿದ ದಿನಚರಿಯನ್ನು 1901ರಲ್ಲಿ ಸಾಯುವ ಕೆಲವು ದಿನ ಮೊದಲಿನವರೆಗೂ ಬರೆದರು. ಅವರ ಇಚ್ಛೆಯಂತೆ ಕಿರಿಯ ಮಗಳು ಬಿಯಾಟ್ರಿಸ್ ದಶಕಗಳ ಕಾಲ ಕೂತು ಅದನ್ನು ನಕಲು ಮಾಡಿದರು. ಸರಿಯಲ್ಲವೆಂದು ಕಂಡದ್ದನ್ನು ಬಿಡುತ್ತ, ಬದಲಿಸುತ್ತ, ನಕಲಾದ ಮೂಲವನ್ನು ನಾಶಪಡಿಸುತ್ತ ಹೋದರು. 2012ರಿಂದ ಅಂತರ್ಜಾಲದಲ್ಲಿರುವ ವಿಕ್ಟೋರಿಯಾ ದಿನಚರಿಯ ಬಹುಭಾಗ ಈ ನಕಲೇ. ಅದೃಷ್ಟಕ್ಕೆ, 1832ರಿಂದ 1840ರ ಆರಂಭದವರೆಗಿನ ಭಾಗವನ್ನು ರಾಣಿಯ ಪತ್ರಗಳನ್ನು ಸಂಪಾದಿಸಿದ ಲಾರ್ಡ್ ಈಶರ್ ಮೊದಲೇ ಟೈಪು ಮಾಡಿಸಿಟ್ಟಿದ್ದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಮಗಳ ಕತ್ತರಿ ಎಷ್ಟು ಓಡಾಡಿದೆ ಎಂಬುದು ಕಾಣುತ್ತದೆ. 1840ರ ನಂತರದ ಅರವತ್ತು ವರ್ಷಗಳಿಗೆ ಹಾಗೆ ಹೋಲಿಸಿ ನೋಡುವ ಪ್ರತಿಯೇ ಇಲ್ಲ.

ಈ ಸಂಗತಿ ಕನ್ನಡಿಗರಿಗೆ ದೂರದ್ದಲ್ಲ. ಮಾಸ್ತಿಯವರ ಕಾದಂಬರಿಯಿಂದ ನಮಗೆ ಪರಿಚಿತನಾದ ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ, 1834ರಲ್ಲಿ ರಾಜ್ಯ ಕಳೆದುಕೊಂಡು, 1852ರಲ್ಲಿ ತನ್ನ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದಾವೆ ಹೂಡಲು ಇಂಗ್ಲೆಂಡಿಗೆ ಹೋದಾಗ ಮಗಳು ಗೌರಮ್ಮನನ್ನೂ ಕರೆದೊಯ್ದಿದ್ದನು. ಅದೇ ವರ್ಷ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿ ಅವಳ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟರು. 1864ರಲ್ಲಿ, ಇಪ್ಪತ್ತಮೂರರ ಆಸುಪಾಸಿನಲ್ಲಿ ತೀರಿಕೊಂಡ ವಿಕ್ಟೋರಿಯಾ ಗೌರಮ್ಮನ ಬಗ್ಗೆ ಬರೆಯಹೊರಟವರಿಗೆ ಮುಖ್ಯವಾಗಿ ಸಿಗುವುದು ರಾಣಿಯ ದಿನಚರಿ ಮತ್ತು ಅವಳನ್ನು ನೋಡಿಕೊಂಡವರ ನೆನಪುಗಳು. ಆ ದಿನಚರಿಯೂ 1840ರ ನಂತರದ್ದು, ಅಂದರೆ ಬಿಯಾಟ್ರಿಸ್ ಕೈಯಿಂದ ಇಳಿದು ಬಂದದ್ದು. ಕೊಡಗಿನ ಹುಡುಗಿಯೊಬ್ಬಳು ಆ ಅರಮನೆಯಲ್ಲಿ ಸುಖವಾಗಿದ್ದಳೇ ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರ ಹೀಗೆ ಎರಡೆರಡು ಸಲ ಸೋಸಿ ಬಂದಿರುತ್ತದೆ.

ಬೆಂಕಿಯ ಉದಾಹರಣೆ ಅಬ್ದುಲ್ ಕರೀಮನದು. 1887ರಲ್ಲಿ ಆಗ್ರಾದಿಂದ ಸೇವಕನಾಗಿ ಹೋಗಿ, ರಾಣಿಗೆ ಹಿಂದೂಸ್ತಾನಿ ಕಲಿಸುವ ಮುನ್ಷಿಯಾಗಿ ಬೆಳೆದ ಅವನಿಗೆ ರಾಣಿ ಬರೆದ ಪತ್ರಗಳನ್ನು, ಆಕೆ ಸತ್ತ ಕೂಡಲೇ ಮಗ ಏಳನೆಯ ಎಡ್ವರ್ಡ್ ಕರೀಮನ ಮನೆಯೆದುರೇ ಸುಡಿಸಿದರು. ಆದರೆ ರಾಣಿ ಉರ್ದುವಿನಲ್ಲಿ ಅಭ್ಯಾಸ ಮಾಡಿದ ಪುಸ್ತಕಗಳು ಬೆಂಕಿಗೂ ಕತ್ತರಿಗೂ ಸಿಗದೆ ವಿಂಡ್ಸರ್‌ನಲ್ಲಿಯೇ ಉಳಿದವು. ಲೇಖಕಿ ಶ್ರಾಬಣಿ ಬಸು ಅವುಗಳನ್ನು ಓದಿ 2010ರಲ್ಲಿ ಪುಸ್ತಕ ಬರೆದರು, ಕರೀಮನ ವಂಶಸ್ಥರ ಬಳಿಯಿದ್ದ ಅವನ ದಿನಚರಿಯೂ ನಂತರ ಸಿಕ್ಕಿತು. 2017ರಲ್ಲಿ ಇದೇ ಕತೆ ಚಲನಚಿತ್ರವಾದಾಗ, ನಿಜ ಘಟನೆಗಳನ್ನು ಆಧರಿಸಿದ್ದು, 'ಬಹುಮಟ್ಟಿಗೆ' ಎಂಬ ತುಂಟ ಸಾಲೊಂದು ಮೊದಲಿಗೇ ಬರುತ್ತದೆ. ಎಚ್ಚರಿಕೆಯ ಫಲಕಗಳಲ್ಲಿ ಇಷ್ಟು ಪ್ರಾಮಾಣಿಕವಾದವು ಕಡಿಮೆ.

ಇದು ಹಳೆಯ ಕಾಲದ ಚಾಳಿಯೆಂದು ಸಮಾಧಾನಪಡುವಂತಿಲ್ಲ. ಎರಡನೆಯ ಎಲಿಜಬೆತ್ ಅವರ ತಾಯಿಯಾದ ರಾಜಮಾತೆಯ ಅಧಿಕೃತ ಚರಿತ್ರೆಯಲ್ಲಿಯೇ, 1990ರ ದಶಕದಲ್ಲಿ ಕಿರಿಯ ಮಗಳು ರಾಜಕುಮಾರಿ ಮಾರ್ಗರೆಟ್ ತಾಯಿಯ ಕಾಗದಗಳನ್ನು ಮೂಟೆಗಟ್ಟಲೆ ಸುಡಿಸಿದರೆಂದೂ ಅವುಗಳಲ್ಲಿ ಡಯಾನಾ ಬರೆದ ಪತ್ರಗಳಿದ್ದವೆಂದೂ ದಾಖಲಾಗಿದೆ.

ಕಾಗದ ಮುಗಿದಲ್ಲಿ ಕಾದಂಬರಿ

ಐತಿಹಾಸಿಕ ಕಾದಂಬರಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು, ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಮನೆತನದ ಕಾಲದ ದಾಖಲೆಗಳ ಸ್ಥಿತಿಯೇ ತೋರಿಸುತ್ತದೆ. ಎಂಟನೆಯ ಹೆನ್ರಿ ತನ್ನ ಎರಡನೆಯ ಹೆಂಡತಿಯಾಗಲಿದ್ದ ಆ್ಯನ್ ಬೊಲಿನ್‌ಗೆ ಬರೆದ 17 ಪ್ರೇಮಪತ್ರಗಳು ವ್ಯಾಟಿಕನ್ ಗ್ರಂಥಾಲಯದಲ್ಲಿವೆ, ಆಕೆ ಬರೆದ ಉತ್ತರಗಳು ಇಲ್ಲ. ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್‌ನನ್ನು 1540ರಲ್ಲಿ ಬಂಧಿಸಿದಾಗ ವಶಪಡಿಸಿಕೊಂಡ ಕಾಗದರಾಶಿಯಲ್ಲಿ ಅವನಿಗೆ ಬಂದ ಪತ್ರಗಳು ಹೇರಳವಾಗಿವೆ, ಅವನು ಕಳಿಸಿದವುಗಳ ಪ್ರತಿಗಳು ಬಹುತೇಕ ಕಾಣೆಯಾಗಿವೆ. ಎರಡೂ ಕಡೆ ಸಂಭಾಷಣೆಯ ಅರ್ಧ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಹಿಲರಿ ಮ್ಯಾಂಟೆಲ್ ಅವರ ಕ್ರಾಮ್ವೆಲ್ ಕಾದಂಬರಿಗಳು 2009 ಮತ್ತು 2012ರಲ್ಲಿ ಎರಡು ಬಾರಿ ಬೂಕರ್ ಗೆದ್ದದ್ದು ಆ ಉಳಿದರ್ಧ ದನಿಯನ್ನು ನಂಬುವಂತೆ ಕಟ್ಟಿದ್ದಕ್ಕಾಗಿ. ಹಳೆಯ ನಾಟಕಗಳಲ್ಲಿ ಖಳನಾಗಿದ್ದವನು ಅಲ್ಲಿ ಮನುಷ್ಯನಾದ, ಸಂತನಾಗಿದ್ದ, ಹೆನ್ರಿಯ ಇನ್ನೊಬ್ಬ ಮಂತ್ರಿ ಥಾಮಸ್ ಮೋರ್ ಹಿಂಸಕನಾದ. ಕೆಲವು ಇತಿಹಾಸಕಾರರಿಗೆ ಇದು ಅಸಮಾಧಾನ ತಂದಿತು. ಆದರೆ ಮ್ಯಾಂಟೆಲ್ ತಿಳಿದ ಸಂಗತಿಗಳನ್ನು ತಿರುಚುವುದಕ್ಕಿಂತ ಹೆಚ್ಚಾಗಿ ತಿಳಿಯದ ಮನಸ್ಸನ್ನು ಊಹಿಸಿದರು ಎಂಬ ವ್ಯತ್ಯಾಸ ಇಲ್ಲಿ ಮುಖ್ಯ.

ಆ ವ್ಯತ್ಯಾಸವನ್ನು ದಾಟಿದ ಉದಾಹರಣೆಗಳೂ ಇವೆ. ಬೊಲಿನ್ ಸೋದರಿಯರ ಬಗ್ಗೆ ಫಿಲಿಪಾ ಗ್ರೆಗರಿ 2001ರಲ್ಲಿ ಬರೆದ, ಲಕ್ಷಾಂತರ ಜನ ಓದಿದ ಕಾದಂಬರಿಯಲ್ಲಿ ಮೇರಿ ಬೊಲಿನ್ ಆ್ಯನ್‌ಗಿಂತ ಕಿರಿಯಳು. ಹೆಚ್ಚಿನ ಇತಿಹಾಸಕಾರರು ಅವಳು ಹಿರಿಯಳೆಂದೇ ಹೇಳುತ್ತಾರೆ. ಅದಕ್ಕೆ ಕಾರಣ, 1597ರಲ್ಲಿ ಮೇರಿಯ ಮೊಮ್ಮಗ ತನ್ನ ಅಜ್ಜಿ ಹಿರಿಯ ಮಗಳೆಂಬ ಆಧಾರದ ಮೇಲೆ ಒಂದು ಪದವಿಗೆ ಹಕ್ಕು ಕೇಳಿ ಬರೆದ ಪತ್ರ. ಆಗ ಸಿಂಹಾಸನದಲ್ಲಿದ್ದವರು ಆ್ಯನ್‌ಳ ಮಗಳು ಮೊದಲನೆಯ ಎಲಿಜಬೆತ್. ಅವರೆದುರು ಅಂಥ ಸುಳ್ಳು ಹೇಳುವ ಧೈರ್ಯ ಯಾರಿಗೂ ಬರಲಾರದು. ಅಕ್ಕತಂಗಿಯರ ವಯಸ್ಸು ಸಣ್ಣ ಸಂಗತಿ ಎನ್ನಿಸಬಹುದು, ಆದರೆ ಇಡೀ ಕಾದಂಬರಿಯ ಹೊಟ್ಟೆಕಿಚ್ಚು ನಿಂತಿರುವುದೇ ಅದರ ಮೇಲೆ.

ಇನ್ನು ಮೂರನೆಯ ರಿಚರ್ಡ್. 1483ರಲ್ಲಿ ಅವನು ಅರಸನಾದ, ಲಂಡನ್ ಗೋಪುರದಲ್ಲಿದ್ದ ಅವನ ಅಣ್ಣನ ಇಬ್ಬರು ಎಳೆಯ ಮಕ್ಕಳು ಕಾಣೆಯಾದರು, ಎರಡು ವರ್ಷಗಳಲ್ಲಿ ಅವನೂ ಯುದ್ಧದಲ್ಲಿ ಸತ್ತ. ಗೆದ್ದ ಟ್ಯೂಡರರ ಕಾಲದಲ್ಲಿ ಥಾಮಸ್ ಮೋರ್ ಬರೆದದ್ದನ್ನು ಶೇಕ್ಸ್‌ಪಿಯರ್ ನಾಟಕ ಮಾಡಿದ ಮೇಲೆ ಗೂನುಬೆನ್ನಿನ ಕೊಲೆಗಡುಕನ ಚಿತ್ರ ನಾಲ್ಕು ಶತಮಾನ ನಿಂತಿತು. ಅದನ್ನು ಅಲುಗಿಸಿದ್ದರಲ್ಲಿ ದೊಡ್ಡ ಪಾತ್ರ ಜೋಸೆಫಿನ್ ಟೇ ಅವರ 1951ರ ಪತ್ತೇದಾರಿ ಕಾದಂಬರಿಯದು. ರಿಚರ್ಡ್ ನಿರಪರಾಧಿ ಎಂದು ನಂಬುವ ಹವ್ಯಾಸಿಗಳ ಉತ್ಸಾಹದಿಂದಲೇ 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರಡಿ ಉತ್ಖನನ ನಡೆದು ಅವನ ಅಸ್ಥಿ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದುದು ನಿಜವಾಯಿತು, ಮೋರ್ ಹೇಳಿದ ಒಣಗಿದ ಕೈ ಮಾತ್ರ ಸುಳ್ಳಾಯಿತು. ಮಕ್ಕಳನ್ನು ಯಾರು ಕೊಂದರೆಂಬುದನ್ನು ಮೂಳೆಗಳು ಹೇಳಲಿಲ್ಲ. ಆ ಜಗಳ ಈಗಲೂ ನಡೆದಿದೆ.

ಒಂದು ಸಾಲಿನ ಎಚ್ಚರಿಕೆ

ಸತ್ತವರ ಬಗ್ಗೆ ಇಂಗ್ಲೆಂಡಿನಲ್ಲಿ ಮಾನನಷ್ಟದ ದಾವೆ ನಡೆಯುವುದಿಲ್ಲ. ಬದುಕಿರುವ ರಾಜಮನೆತನದವರು, ಹ್ಯಾರಿಯಂಥವರನ್ನು ಬಿಟ್ಟರೆ, ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರೂಪ. ಹತ್ತಿದರೆ ಸಾಕ್ಷಿ ಹೇಳಬೇಕಾಗುತ್ತದೆ. ಇದರಿಂದಾಗಿ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ರಿಚರ್ಡನನ್ನು ಮಕ್ಕಳ ಕೊಲೆಗಾರನೆಂದರೂ ಯಾರೂ ಕೇಳುವಂತಿಲ್ಲ, ಅವನ ಮೂಳೆ ಅಗೆಯುವಾಗ ಕಚೇರಿಯಲ್ಲಿದ್ದ ಅಧಿಕಾರಿಯನ್ನು ದುರಹಂಕಾರಿಯಂತೆ ತೋರಿಸಿದರೆ ಪರಿಹಾರ ಕೊಡಬೇಕಾಗುತ್ತದೆ. ಆ ಚಿತ್ರದ ಪಾತ್ರ ಮಾನಹಾನಿಕರ ಅರ್ಥ ಕೊಡುತ್ತದೆ ಎಂದು ನ್ಯಾಯಾಧೀಶರು 2024ರಲ್ಲಿಯೇ ಹೇಳಿದ್ದರು, ರಾಜಿ ಅದರ ಮುಂದುವರಿಕೆ.

ಎಲಿಜಬೆತ್ ಅವರ ಬದುಕನ್ನು ಆಧರಿಸಿದ 'ದಿ ಕ್ರೌನ್' ಧಾರಾವಾಹಿಯ ವಿಷಯದಲ್ಲಿ ನಡೆದದ್ದು ಕಾನೂನಿನ ಜಗಳವಲ್ಲ, ಒತ್ತಡದ ಜಗಳ. ಇದು ಕಲ್ಪನೆಯೆಂದು ಮೊದಲಿಗೇ ತಿಳಿಸಬೇಕೆಂದು 2020ರಲ್ಲಿ ಸಂಸ್ಕೃತಿ ಸಚಿವರು ಕೇಳಿದರು, ನೆಟ್‌ಫ್ಲಿಕ್ಸ್ ಒಪ್ಪಲಿಲ್ಲ. 2022ರಲ್ಲಿ, ಚಾರ್ಲ್ಸ್ ತಾಯಿಯನ್ನು ಸಿಂಹಾಸನದಿಂದ ಇಳಿಸಲು ಪ್ರಧಾನಿ ಜಾನ್ ಮೇಜರ್ ಜೊತೆ ಮಾತಾಡುವ ದೃಶ್ಯವಿದೆಯೆಂದು ತಿಳಿದಾಗ ಮೇಜರ್ ಅದನ್ನು ಶುದ್ಧ ಅಸಂಬದ್ಧವೆಂದರು, ನಟಿ ಜೂಡಿ ಡೆಂಚ್ ಪತ್ರಿಕೆಗೆ ಬರೆದರು. ಕೊನೆಗೆ ಜಾಹೀರಾತು ತುಣುಕಿನ ವಿವರಣೆಯಲ್ಲಿ, ನಿಜ ಘಟನೆಗಳಿಂದ ಪ್ರೇರಿತವಾದ ಕಾಲ್ಪನಿಕ ರೂಪಕ ಎಂಬ ಮಾತು ಸೇರಿತು.

ಆ ಸಾಲಿನಿಂದ ಓದುಗನಿಗೋ ನೋಡುಗನಿಗೋ ಆಗುವ ಪ್ರಯೋಜನ ಅಲ್ಪ. ಇಡೀ ಕೃತಿಯ ಮೇಲೆ ಬಿದ್ದ ಫಲಕ, ಯಾವ ದೃಶ್ಯ ದಾಖಲೆಯಿಂದ ಬಂತು, ಯಾವುದು ಊಹೆಯಿಂದ ಬಂತು ಎಂಬುದನ್ನು ಹೇಳುವುದಿಲ್ಲ. ಗ್ರೆಗರಿಯಂತೆ ತಿಳಿದದ್ದನ್ನು ಬದಲಿಸಿದವರಿಗೂ ಮ್ಯಾಂಟೆಲ್‌ರಂತೆ ತಿಳಿಯದ್ದನ್ನು ತುಂಬಿದವರಿಗೂ ಅದು ಒಂದೇ ಅಳತೆಯ ಅಂಗಿ ಹೊಲಿಯುತ್ತದೆ. ಅದಕ್ಕಿಂತ, ಪುಸ್ತಕದ ಕೊನೆಗೆ ತಾನು ಬದಲಿಸಿದ್ದೇನು ಎಂದು ಲೇಖಕರೇ ಬರೆಯುವ ನಾಲ್ಕು ಪುಟಗಳ ಟಿಪ್ಪಣಿ ಹೆಚ್ಚು ಉಪಯುಕ್ತ.

ತೆರೆದರೆ ಏನಾಗುತ್ತದೆ

ಕಾಗದಗಳನ್ನು ತೆರೆದರೆ ಜಗಳ ತೀರುತ್ತದೆಯೇ? ಇದಕ್ಕೆ ಆಸ್ಟ್ರೇಲಿಯಾದಲ್ಲಿ ಒಂದು ಉತ್ತರ ಸಿಕ್ಕಿದೆ. 1975ರ ನವೆಂಬರ್ 11ರಂದು ಅಲ್ಲಿ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಜಾನ್ ಕರ್, ಚುನಾಯಿತ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನು ವಜಾ ಮಾಡಿದರು. ರಾಣಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆ ನಲವತ್ತೈದು ವರ್ಷ ಉಳಿಯಿತು. ಕರ್ ಮತ್ತು ಅರಮನೆಯ ನಡುವಿನ ಪತ್ರಗಳು 'ವೈಯಕ್ತಿಕ' ಎಂಬ ಹಣೆಪಟ್ಟಿಯಡಿ ಬೀಗದೊಳಗಿದ್ದವು. ಇತಿಹಾಸಕಾರ್ತಿ ಜೆನ್ನಿ ಹಾಕಿಂಗ್ ಹೋರಾಡಿ 2020ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನಲ್ಲಿ ಗೆದ್ದ ಮೇಲೆ ಇನ್ನೂರಕ್ಕೂ ಹೆಚ್ಚು ಪತ್ರಗಳು ಹೊರಬಂದವು. ವಜಾ ಮಾಡುವ ದಿನವನ್ನು ಮುಂಚಿತವಾಗಿ ರಾಣಿಗೆ ತಿಳಿಸದಿರುವುದೇ ಒಳಿತೆಂದು ಕರ್ ಭಾವಿಸಿದ್ದು ಅವುಗಳಲ್ಲಿದೆ, ಆ ಅಧಿಕಾರವನ್ನು ಬಳಸುವ ಬಗ್ಗೆ ರಾಣಿಯ ಆಪ್ತ ಕಾರ್ಯದರ್ಶಿಯೊಡನೆ ತಿಂಗಳುಗಳ ಕಾಲ ಚರ್ಚಿಸಿದ್ದೂ ಇದೆ. ಎರಡು ಪಂಗಡಗಳಿಗೂ ಬೇಕಾದದ್ದು ಸಿಕ್ಕಿತು. ಜಗಳ ತೀರಲಿಲ್ಲ, ಆದರೆ ಅದರ ಜಾಗ ಬದಲಾಯಿತು. ಏನು ನಡೆಯಿತು ಎಂಬುದರ ಬದಲು ನಡೆದದ್ದು ಸರಿಯೇ ಎಂದು ಜನ ಈಗ ವಾದಿಸುತ್ತಾರೆ.

ಎಲಿಜಬೆತ್ ಅವರ ಅಧಿಕೃತ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಕಾಯಬೇಕಾಗಿದೆ. ಆ್ಯನಾ ಕೇ ಅವರಿಗೆ ರಾಣಿಯ ವೈಯಕ್ತಿಕ ಮತ್ತು ಅಧಿಕೃತ ಕಾಗದಗಳನ್ನು ನೋಡುವ ಅವಕಾಶವಿರುವುದರಿಂದ, ಇದುವರೆಗಿನ ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿಗಳು ಅದರಲ್ಲಿ ಬರುವುದು ಬಹುತೇಕ ಖಚಿತ. ಅರಸರನ್ನು ಓಲೈಸದೆ, ಇಂಗ್ಲೆಂಡಿಗೆ ಅರಸನೇ ಇಲ್ಲದಿದ್ದ 1650ರ ದಶಕದ ಬಗ್ಗೆ ಮೆಚ್ಚುಗೆ ಪಡೆದ ಪುಸ್ತಕ ಬರೆದವರು ಅವರು ಎಂಬುದೂ ಭರವಸೆಯ ವಿಷಯ. ಆದರೆ ಪುಸ್ತಕ ಬಂದಾಗ ಮೊದಲು ನೋಡಬೇಕಾದದ್ದು ಅದರ ಅಡಿಟಿಪ್ಪಣಿಗಳನ್ನು. ಅಲ್ಲಿ ಉಲ್ಲೇಖವಾದ ಪತ್ರವನ್ನು ಅನುಮತಿಯಿಲ್ಲದ ಇನ್ನೊಬ್ಬ ಸಂಶೋಧಕ ವಿಂಡ್ಸರ್‌ಗೆ ಹೋಗಿ ಕೇಳಿದರೆ ತೋರಿಸುತ್ತಾರೆಯೇ? ತೋರಿಸಿದರೆ ಆ ಪುಸ್ತಕದೊಡನೆ ಜಗಳವಾಡಬಹುದು. ತೋರಿಸದಿದ್ದರೆ ನಂಬಬೇಕು ಅಥವಾ ಬಿಡಬೇಕು, ಮತ್ತು ಮುಂದಿನ ಕಾದಂಬರಿಕಾರ ಆಗಲೇ ತನ್ನ ಲೇಖನಿಗೆ ಶಾಯಿ ತುಂಬುತ್ತಿರುತ್ತಾನೆ.